ಎಂಜಿನ್ ಆರಿಸದೆ ಬೆಳಗಾವಿಗೆ

ಬಾಗಲಕೋಟೆಯ ನವನಗರದಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಕಾರು ಮಾಮಾನದು. 1965ರ ಟ್ರಯಂಫ್ ಸ್ಪಿಟ್‌ಫೈರ್, ಎರಡೇ ಸೀಟಿನ ಕೆಂಪು ಗಾಡಿ. ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ ಹತ್ತಿರ ಬರುವಷ್ಟರಲ್ಲಿ ಬೆನ್ನಿಗೆ ಎಳೆ ಬಿಸಿಲು. ನೆಲಕ್ಕೆ ಇಷ್ಟು ಹತ್ತಿರ ಕೂತು ಈ ರಸ್ತೆ ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಅದರ ದೊಡ್ಡ ಗಾಲಿ ನಮ್ಮ ತಲೆಗಿಂತ ಎತ್ತರ.

ಲೋಕಾಪುರದಲ್ಲಿ ಗಿರಮಿಟ್, ಮಿರ್ಚಿ ತಿಂದು ಚಹಾ ಕುಡಿದೆವು. ಮಾಮಾ ಕೀಲಿ ತಿರುಗಿಸಿದ. ಗರ್ರ್ ಅಂತ ಸದ್ದು. ಎಂಜಿನ್ ಅಲುಗಲೇ ಇಲ್ಲ.

“ಸೆಲ್ಫ್ ತಿರಗಾಕತ್ತೈತಿ, ಹಲ್ಲ ಹಿಡೀವಲ್ದು,” ಅಂದ ಮಾಮಾ.

ಸ್ಟಾರ್ಟರ್ ಮೋಟರಿಗೆ ನಮ್ಮ ಕಡೆ ಸೆಲ್ಫ್ ಅಂತಾರೆ. ಅದರ ತುದಿಯಲ್ಲಿ ಬೆಂಡಿಕ್ಸ್ ಅನ್ನೋ ಪುಟ್ಟ ಗೇರ್ ಇರುತ್ತದೆ. ಮೋಟರ್ ತಿರುಗಿದ ರಭಸಕ್ಕೆ ಅದು ಜಾರಿ ಬಂದು ಫ್ಲೈವೀಲ್, ಅಂದರೆ ಎಂಜಿನ್ ಹಿಂದಿನ ಭಾರದ ಚಕ್ರದ ಸುತ್ತಲಿನ ರಿಂಗ್ ಗೇರಿಗೆ ಕಚ್ಚಿಕೊಳ್ಳಬೇಕು. ಆಗ ಮಾತ್ರ ಎಂಜಿನ್ ಸುತ್ತುವುದು. ರಿಂಗಿನ ಹಲ್ಲು ಸವೆದಿದ್ದರೆ ಬರೀ ಸದ್ದು.

ಮಾಮಾ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿದ. ಹೋಟೆಲಿನ ಹುಡುಗರೂ ಕೈ ಹಚ್ಚಿದರು. ನಾಲ್ಕೈದು ಬೆರಳಿನಷ್ಟು ಮುಂದಕ್ಕೆ ದೂಡಿದೆವು, ಅಷ್ಟೇ. ಫ್ಲೈವೀಲ್ ಸ್ವಲ್ಪ ಹೊರಳಿ, ಸವೆಯದ ಹಲ್ಲು ಬೆಂಡಿಕ್ಸ್ ಎದುರಿಗೆ ಬಂತು. ನ್ಯೂಟ್ರಲ್ ಮಾಡಿ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್! ಇನ್ನು ಬೆಳಗಾವಿವರೆಗೆ ಆರಿಸೋದು ಬೇಡ ಅಂತ ಅಲ್ಲೇ ತೀರ್ಮಾನವಾಯಿತು. ಯರಗಟ್ಟಿ, ನೇಸರಗಿ ಎಲ್ಲೂ ಇಳಿಯಲಿಲ್ಲ. ಊರು ಸೇರಿ ಖಾನಾಪುರ ರಸ್ತೆ ಹಿಡಿದು ನೇರ ಉದ್ಯಮಬಾಗಕ್ಕೆ ಹೋದೆವು.

ಉದ್ಯಮಬಾಗದಲ್ಲಿ ಕಾಲಿಟ್ಟ ಕಡೆ ಫೌಂಡ್ರಿ, ಲೇಥ್. ಕಾದ ಕಬ್ಬಿಣ, ಕಟಿಂಗ್ ಆಯಿಲ್ ಎರಡೂ ಸೇರಿದ ವಾಸನೆ. ಮಾಮಾನಿಗೆ ಗೊತ್ತಿದ್ದ ಮಿಸ್ತ್ರಿಗೆ ಅರವತ್ತು ದಾಟಿದೆ. ಅವರು ಕೆಲಸ ಕಲಿತದ್ದೇ ಸ್ಟ್ಯಾಂಡರ್ಡ್ ಹೆರಾಲ್ಡ್ ಮೇಲೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು ಅದು. ಆ ಹೆರಾಲ್ಡ್ ಚಾಸಿಯನ್ನೇ ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ಕಟ್ಟಿದ್ದು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಮಿಸ್ತ್ರಿ ಬಾನೆಟ್ ಎತ್ತಿ ಮುಂದಕ್ಕೆ ಮಲಗಿಸಿ, ಟೈರಿನ ಮೇಲೆ ಕೂತು, “ಇದು ನಮ್ಮ ಹೆರಾಲ್ಡನ ತಮ್ಮ ಐತ್ರಿ,” ಅಂದರು. ನನಗೆ ಅರ್ಧ ಚಿಂತೆ ಅಲ್ಲೇ ಇಳಿಯಿತು.

ಈ ಕಾರಿನ ಗೇರ್‌ಬಾಕ್ಸನ್ನು ಒಳಗಿನಿಂದಲೇ, ಸೀಟು ಇರೋ ಜಾಗದಿಂದ ಹೊರಗೆ ತೆಗೆಯಬಹುದು. ಎಂಜಿನ್ ಇಳಿಸಬೇಕಿಲ್ಲ. ಸಂಜೆಗೆ ಸೀಟು, ಗೇರ್‌ಬಾಕ್ಸ್, ಕ್ಲಚ್ ಎಲ್ಲಾ ಗೋಣಿಚೀಲದ ಮೇಲೆ ಸಾಲಾಗಿ ಕೂತಿದ್ದವು. ಫ್ಲೈವೀಲ್ ಬೆಳಕಿಗೆ ಹಿಡಿದು ನೋಡಿದೆ. ಸುತ್ತಲೂ ಹಲ್ಲು ಚೆನ್ನಾಗಿವೆ. ಎದುರುಬದುರು ಎರಡು ಕಡೆ ಮಾತ್ರ ಮೂಲೆ ಮುರಿದು ಮೊಂಡಾಗಿವೆ. ನಾಲ್ಕು ಸಿಲಿಂಡರಿನ ಎಂಜಿನ್ ಆರುವಾಗ ಕಂಪ್ರೆಷನ್ನಿಗೆ, ಅಂದರೆ ಒಳಗೆ ಒತ್ತಿಕೊಂಡ ಗಾಳಿಗೆ, ತಡೆದು ಹೆಚ್ಚುಕಡಿಮೆ ಅವೇ ಎರಡು ಜಾಗದಲ್ಲಿ ನಿಲ್ಲುತ್ತದೆ. ಅರವತ್ತು ವರ್ಷದ ಏಟೆಲ್ಲ ಅಲ್ಲೇ ಬಿದ್ದಿತ್ತು.

“ಹೊಸಾ ರಿಂಗ್ ಹುಡಕೂದು ಬ್ಯಾಡ್ರಿ. ಇದನ್ನ ಬಿಚ್ಚಿ ಕಾಲ ಸುತ್ತ ಹೊಳ್ಳಿಸಿ ಹಾಕೂಣು,” ಅಂದರು ಮಿಸ್ತ್ರಿ. ಹಾಗೆ ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಎಂಜಿನ್ ನಿಲ್ಲುವ ಜಾಗಕ್ಕೆ ಗಟ್ಟಿ ಹಲ್ಲು ಬರುತ್ತವೆ.

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಮರೆಯಲ್ಲ. ಗ್ಯಾಸ್ ಬೆಂಕಿಯಲ್ಲಿ ಸುತ್ತಲೂ ಸಮನಾಗಿ ಕಾಸಿ, ಹಿತ್ತಾಳೆ ಸರಳಿನಿಂದ ತಟ್ಟಿ ರಿಂಗ್ ಬಿಡಿಸಿದರು. ಫ್ಲೈವೀಲಿನ ಅಂಚು ಒರೆಸಿದರು. ರಿಂಗಿನ ಒಂದು ಕಡೆ ಎಮರಿ ಕಾಗದದಿಂದ ತಿಕ್ಕಿ ಫಳಫಳ ಮಾಡಿದರು. ಮತ್ತೆ ಕಾಸುವಾಗ ಕಣ್ಣು ಆ ಜಾಗದ ಮೇಲೆಯೇ. ಉಕ್ಕು ಮೊದಲು ತಿಳಿ ಹಳದಿಗೆ ತಿರುಗುತ್ತದೆ. ಅಂದರೆ ಸುಮಾರು 220 ಡಿಗ್ರಿ. ನೀಲಿಗೆ ಹೋಯಿತೆಂದರೆ ಹಲ್ಲಿನ ಗಡಸು ಇಳಿಯುತ್ತದೆ. ಅಷ್ಟು ಕಾದ ರಿಂಗ್ ಹಿಗ್ಗುವುದು ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಅಷ್ಟೇ ಸಂದಿನಲ್ಲಿ ಅದನ್ನು ಇಕ್ಕಳದಿಂದ ಎತ್ತಿ ಫ್ಲೈವೀಲ್ ಮೇಲೆ ಇಟ್ಟರು. ಟಕ್ ಅಂತ ಕೂತಿತು.

ನನಗೆ ಅಜ್ಜನ ಊರು ನೆನಪಾಯಿತು. ಬಂಡಿ ಗಾಲಿಗೆ ಹಳಿ ಹಾಕೋದು ಹೀಗೇ ಅಲ್ವಾ! ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಸಿ, ಗಾಲಿಗೆ ಕೂರಿಸಿ, ಮೇಲೆ ನೀರು ಸುರಿಯೋರು. ನಾನು ನೀರಿನ ಕೊಡದ ಕಡೆ ನೋಡಿದ್ದು ಮಿಸ್ತ್ರಿಗೆ ಕಂಡಿತು. “ಇದಕ್ಕ ನೀರ ಹಾಕಬಾರ್ದ್ರಿ. ಅಲ್ಲಿ ಕಟಗಿ ಸುಡ್ತೈತಂತ ಹಾಕ್ತಾರ. ಇಲ್ಲಿ ಹಾಕಿದ್ರ ಬಿರಕ ಬಿಡ್ತೈತಿ. ತಾನಾ ಆರಲಿ.”

ಅದು ಆರುವಷ್ಟರಲ್ಲಿ ಕೋಟೆಯೊಳಗಿನ ಕಮಲ ಬಸದಿಗೆ ಹೋಗಿ ಬಂದೆವು. ರಟ್ಟ ಅರಸರ ಕಾಲದ್ದು, 1204ರಲ್ಲಿ ಕಟ್ಟಿದ್ದು. ಮೇಲೆ ತೂಗುವ ಕಲ್ಲಿನ ಕಮಲವನ್ನೇ ಎಲ್ಲರೂ ನೋಡುತ್ತಾರೆ. ಬೆಳಗಿನಿಂದ ಲೇಥ್ ನೋಡಿದ್ದ ನನ್ನ ಕಣ್ಣು ಕಂಬಗಳ ಮೇಲೆ ನಿಂತಿತು. ತಿರುಗಣಿಗೆ ಹಿಡಿದು ಕಡೆದಂತೆ ಒಂದರ ಮೇಲೊಂದು ಬಳೆ, ಕನ್ನಡಿಯಂಥ ನುಣುಪು. ಸುಮ್ನೆ ಕೈಯಾಡಿಸುತ್ತಾ ತುಂಬಾ ಹೊತ್ತು ನಿಂತೆ.

ಸೆಲ್ಫ್ ಕೆಲಸ ಬೇಗ ಮುಗಿಯಿತು. ಹೊಸ ಕಾರ್ಬನ್, ಹೊಸ ಬುಷ್. ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿಯೇ ಹಾಕಿದರು. ಅಲ್ಲಿ ಆಯಿಲ್ ಬಿಟ್ಟರೆ ಕ್ಲಚ್ಚಿನ ಧೂಳು ಅಂಟಿ ಗೇರ್ ಜಾರುವುದೇ ಇಲ್ಲವಂತೆ.

ಮೂರನೇ ದಿನ ಕುಂದಾ ಕಟ್ಟಿಸಿಕೊಂಡು ಹೊರಟೆವು. ಲೋಕಾಪುರದಲ್ಲಿ ಅದೇ ಹೋಟೆಲ್ ಮುಂದೆ ಮಾಮಾ ಎಂಜಿನ್ ಆರಿಸಿದ. ಚಹಾ ಮುಗಿಸಿ ಎದ್ದಾಗ ಹುಡುಗರು ಆಗಲೇ ಕಾರಿನ ಹಿಂದೆ ನಿಂತಿದ್ದರು. ಮಾಮಾ ಕೀಲಿ ತಿರುಗಿಸಿದ. ಹುಡುಗರು ಕೈ ತೆಗೆದು ಪಕ್ಕಕ್ಕೆ ಸರಿದರು.