ಮಂಡಿಯಲ್ಲಿ ಸೇವ್ ಬಟನ್ ಎರಡು ಸಲ ಒತ್ತುತ್ತಿದ್ದರು

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ವಾರ ಕಳೆಯುವುದರೊಳಗೆ ಫೋನ್ ಬಂತು. "ಒಂದೇ ತೂಕಕ್ಕೆ ಎರಡೆರಡು ಬಿಲ್ ಆಗ್ತಿದೆ ಮಾರಾಯ್ರೆ, ರೈತರಿಗೆ ಏನಂತ ಹೇಳೋದು?" ತೀರ್ಥಹಳ್ಳಿಯ ಮನೆಯಲ್ಲಿ ಕೂತು ಐವತ್ತು ಬಿಲ್ ಹಾಕಿ ನೋಡಿದೆ. ಒಂದೂ ಎರಡಾಗಲಿಲ್ಲ. ಮರುದಿನ ಬೆಳಿಗ್ಗೆ ಬಸ್ ಹತ್ತಿ ಮಂಡಿಗೇ ಹೋದೆ.

ಗುಮಾಸ್ತರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅವರು ಚೀಲದ ಲೆಕ್ಕ ಹೊಡೆದರು, ಅಡಿಕೆಯ ಬಗೆ ರಾಶಿ ಅಂತ ಆರಿಸಿದರು, ತೂಕ ಹೊಡೆದರು, ಮೌಸ್ ಹಿಡಿದು ಸೀದಾ ಸೇವ್ ಮೇಲೆ ಎರಡು ಸಲ ಒತ್ತಿದರು. ಯಾಕೆ ಎರಡು ಸಲ ಅಂದೆ. "ಒಂದು ಸಲಕ್ಕೆ ಆಗಲ್ವಲ್ಲ, ಇದು ಹೀಗೇ ಇರೋದು ಅಂದ್ಕೊಂಡೆ."

ನಾನು ಮನೆಯಲ್ಲಿ ಟ್ಯಾಬ್ ಮತ್ತು ಎಂಟರ್ ಒತ್ತಿಯೇ ನೋಡಿದ್ದೆ, ಅದಕ್ಕೇ ಸಿಕ್ಕಿರಲಿಲ್ಲ. ತೂಕದ ಬಾಕ್ಸಿನಲ್ಲಿ ನಾನು ಬಳಸಿದ್ದು ಚೇಂಜ್ ಇವೆಂಟ್, ಅಂದರೆ ಬಾಕ್ಸಿನ ಅಂಕಿ ಬದಲಾಗಿದೆ ಅಂತ ಕೋಡ್‌ಗೆ ಬರುವ ಸೂಚನೆ. ಅದು ಒಂದೊಂದು ಅಂಕಿ ಹೊಡೆದಾಗಲೂ ಬರುವುದಿಲ್ಲ, ಬಾಕ್ಸ್ ಬಿಟ್ಟು ಹೊರಬಂದಾಗ ಬರುತ್ತದೆ. ಮೌಸ್ ಬಟನ್ ಕೆಳಗೆ ಒತ್ತಿದ ಕೂಡಲೇ ಫೋಕಸ್, ಅಂದರೆ ಈಗ ಎಲ್ಲಿ ಕೆಲಸ ನಡೆದಿದೆ ಅನ್ನುವ ಗುರುತು, ತೂಕದಿಂದ ಸೇವ್‌ಗೆ ಹೋಗುತ್ತದೆ, ಆಗ ಚೇಂಜ್ ಬರುತ್ತದೆ, ನನ್ನ ಕೋಡ್ ತೂಕದ ಬಾಕ್ಸಿನ ಕೆಳಗೆ ಒಟ್ಟು ಮೊತ್ತದ ಒಂದು ಸಾಲು ತೋರಿಸುತ್ತದೆ, ಆ ಸಾಲು ಬಂದದ್ದಕ್ಕೆ ಸೇವ್ ಬಟನ್ನೇ ಕೆಳಕ್ಕೆ ಸರಿಯುತ್ತದೆ, ಅಷ್ಟರಲ್ಲಿ ಬೆರಳು ಮೇಲೆದ್ದರೆ ಮೌಸ್ ಇರುವುದು ಖಾಲಿ ಜಾಗದಲ್ಲಿ. ಒತ್ತಿದ್ದೂ ಬಿಟ್ಟಿದ್ದೂ ಒಂದೇ ಬಟನ್ ಮೇಲೆ ಆಗದಿದ್ದರೆ ಆ ಬಟನ್‌ಗೆ ಕ್ಲಿಕ್ ಸಿಗುವುದೇ ಇಲ್ಲ. ಅದೇ ರೈತರ ಎರಡನೇ ಲಾಟ್ ಹಾಕುವಾಗ ಮಾತ್ರ ಆ ಸಾಲು ಮೊದಲೇ ಇರುತ್ತಿತ್ತು, ಬಟನ್ ಅಲುಗುತ್ತಿರಲಿಲ್ಲ. ಅಲ್ಲಿ ಎರಡು ಸಲ ಒತ್ತಿದರೆ ಎರಡು ಬಿಲ್!

ಅಲ್ಲೇ ಕೂತು ಅವಸರದಲ್ಲಿ ಸೇವ್ ಕೆಲಸವನ್ನು ಕ್ಲಿಕ್ ಬದಲು, ಮೌಸ್ ಕೆಳಗೆ ಒತ್ತಿದಾಗಲೇ ಬರುವ ಮೌಸ್‌ಡೌನ್ ಇವೆಂಟ್‌ಗೆ ಹಾಕಿದೆ. ಅದು ಇನ್ನೂ ಕೆಟ್ಟದಾಯಿತು. ಮೌಸ್‌ಡೌನ್ ಬರುವುದು ಚೇಂಜ್‌ಗಿಂತ ಮೊದಲು, ಹೊಸ ತೂಕದ ಲೆಕ್ಕ ಆಗುವುದು ಚೇಂಜ್ ಬಂದ ಮೇಲೆ. 48 ಕೆಜಿ ಇದ್ದದ್ದನ್ನು 52 ಅಂತ ತಿದ್ದಿ ಒತ್ತಿದರೆ 48ಕ್ಕೇ ಬಿಲ್ ಆಯಿತು. ಕ್ವಿಂಟಾಲಿಗೆ ಹತ್ತಾರು ಸಾವಿರ ರೂಪಾಯಿಯ ಮಾಲು, ನಾಲ್ಕು ಕೆಜಿ ಸುಮ್ನೆ ಬಿಡುವ ಲೆಕ್ಕ ಅಲ್ಲ. ಪರೀಕ್ಷೆಯ ಬಿಲ್‌ನಲ್ಲೇ ಕಂಡಿತು, ತಕ್ಷಣ ತೆಗೆದೆ. ಆಮೇಲೆ ಮೊತ್ತದ ಸಾಲನ್ನು 200 ಮಿಲಿಸೆಕೆಂಡ್ ತಡವಾಗಿ ತೋರಿಸಿದೆ. ನನಗೆ ಸರಿ ಬಂತು. ಗುಮಾಸ್ತರು ನಿಧಾನಕ್ಕೆ ಒತ್ತಿ ಹಿಡಿಯುತ್ತಾರೆ, ಅವರಿಗೆ ಮತ್ತೆ ತಪ್ಪಿತು.

ಕೊನೆಗೆ ಉಳಿದದ್ದು ಸರಳ ದಾರಿ. ಮೊತ್ತದ ಸಾಲಿಗೆ ಮೊದಲಿಂದಲೇ ಖಾಲಿ ಜಾಗ ಬಿಟ್ಟೆ, ಬಟನ್ ಈಗ ಕದಲುವುದಿಲ್ಲ. ಲೆಕ್ಕವನ್ನು ಇನ್‌ಪುಟ್ ಇವೆಂಟ್‌ಗೆ ಹಾಕಿದೆ, ಅಂಕಿ ಹೊಡೆಯುತ್ತಿದ್ದ ಹಾಗೇ ಮೊತ್ತ ಬದಲಾಗುತ್ತದೆ. ಸೇವ್ ಒತ್ತಿದ ಮೇಲೆ ಮುಂದಿನ ತೂಕ ಹೊಡೆಯುವ ತನಕ ಆ ಬಟನ್ ಕೆಲಸ ಮಾಡುವುದಿಲ್ಲ.

ಸಂಜೆ ತನಕ ಅಲ್ಲೇ ಇದ್ದೆ. ಗುಮಾಸ್ತರು ಅಭ್ಯಾಸದಂತೆ ಎರಡು ಸಲವೇ ಒತ್ತುತ್ತಿದ್ದರು. ಬಿಲ್ ಒಂದೇ ಬರುತ್ತಿತ್ತು.