ಎದುರಾಳಿ ಪ್ಯಾದೆ ಓಡಿಸಿಕೊಂಡು ಬಂದರೆ ಏನು ಮಾಡಬೇಕು?

ಕಲಬುರಗಿಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವ ನನಗೆ ಬೇಸಿಗೆ ರಜೆ ಬಂದರೆ ಸಾಕು, ಇದೇ ಪ್ರಶ್ನೆ: "ಸರ್, ಅವಾ ಪ್ಯಾದಿ ಓಡಿಸ್ಕೋತ ಬಂದ್ರ ಏನ್ ಮಾಡಬೇಕ್ರಿ?" ನಮ್ಮೂರ ಬಿಸಿಲಿಗೆ ಹೊರಗೆ ಆಡುವ ಹಾಗಿಲ್ಲ. ಆ ಹುಮ್ಮಸ್ಸೆಲ್ಲ ಬೋರ್ಡಿನ ಅಂಚಿನ ಜಿ, ಎಚ್ ಸಾಲಿನ ಪ್ಯಾದೆಗಳ ಮೇಲೆ ಬೀಳುತ್ತದೆ.

ನನ್ನ ಉತ್ತರ: ಮೊದಲು ಬೋರ್ಡಿನ ನಡು ನೋಡು. ಅಲ್ಲಿ ದಾರಿ ತೆರೆಯಲು ಆಗುತ್ತಾ? ಆಗುವುದಾದರೆ ಅಂಚಿನ ಕಡೆ ತಲೆ ಕೆಡಿಸಿಕೊಳ್ಳಬೇಡ.

ಒಂದು ಆಟ ಹಾಕಿ ತೋರಿಸುತ್ತೇನೆ, ನಾವು ಕಪ್ಪು. ಅಕ್ಷರ ಅಂದರೆ ಉದ್ದ ಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲು; ಕಾಯಿಯ ಹೆಸರು ಹೇಳದಿದ್ದರೆ ಅದು ಪ್ಯಾದೆಯ ನಡೆ. ಬಿಳಿ ಇ4, ಕಪ್ಪು ಇ5. ಕುದುರೆಗಳು ಎಫ್3, ಸಿ6ಕ್ಕೆ. ಒಂಟೆಗಳು ಸಿ4, ಸಿ5ಕ್ಕೆ. ಬಿಳಿ ಸಿ3, ಕಪ್ಪು ಕುದುರೆ ಎಫ್6ಕ್ಕೆ. ಆಮೇಲೆ ಡಿ3, ಡಿ6. ಬಿಳಿ ಎಚ್3, ಕಪ್ಪು ಕ್ಯಾಸಲಿಂಗ್ (ಒಂದೇ ನಡೆಯಲ್ಲಿ ರಾಜ ಜಿ8ಕ್ಕೆ, ಆನೆ ಪಕ್ಕದ ಎಫ್8ಕ್ಕೆ). ಈಗ ಬಿಳಿ ಜಿ4 ತಳ್ಳುತ್ತಾನೆ, ಮುಂದೆ ಜಿ5 ಅಂತ ಕಣ್ಣು.

ಇಲ್ಲಿ ಬಹಳ ಮಕ್ಕಳು ಹೆದರಿ ಎಚ್6 ಆಡುತ್ತಾರೆ. ಅದು ಬಿಳಿಗೆ ಹಿಡಿದು ಎಳೆಯಲು ಕೊಕ್ಕೆ ಕೊಟ್ಟ ಹಾಗೆ. ಜಿ5 ಬಂದು ಪ್ಯಾದೆಗಳು ಕಡಿದರೆ ಜಿ ಸಾಲು ನಮ್ಮ ರಾಜನ ಮೇಲೇ ತೆರೆಯುತ್ತದೆ.

ಬದಲಿಗೆ ಡಿ5! ಡಿ6ಕ್ಕೆ ಹೋದ ಪ್ಯಾದೆಯನ್ನೇ ಮತ್ತೆ ತಳ್ಳುವುದಾ, ಒಂದು ನಡೆ ದಂಡ ಅಲ್ವಾ ಅಂತ ಕೇಳುತ್ತಾರೆ. ಬಿಳಿ ಜಿ4ಕ್ಕೆ ಅಂತಲೇ ಎರಡು ನಡೆ ಕಳೆದಿದ್ದಾನೆ, ಅವನ ರಾಜ ಇನ್ನೂ ಇ1ರಲ್ಲೇ ಇದ್ದಾನೆ. ಈ ದಂಡ ಕಟ್ಟಬಹುದು. ಬಿಳಿ ಡಿ5ರಲ್ಲಿ ಹೊಡೆದರೆ ನಮ್ಮ ಕುದುರೆ ಹೊಡೆದು ಅಲ್ಲೇ ಕೂರುತ್ತದೆ, ಅಲ್ಲಿಂದ ಎಫ್4 ಮನೆ ನೋಡುತ್ತದೆ. ಅದನ್ನು ಎಫ್4ರಿಂದ ಓಡಿಸಲು ಬಿಳಿಗೆ ಜಿ3 ಬೇಕು. ಜಿ ಪ್ಯಾದೆ ಆಗಲೇ ದಾಟಿ ಹೋಗಿದೆ, ಹಿಂದೆ ಬರಲ್ಲ. ಎಫ್4ರಲ್ಲಿ ಕೂತ ಕುದುರೆಯನ್ನು ಬಿಳಿ ಒಂಟೆಯಿಂದ ಹೊಡೆದರೆ ನಮ್ಮ ಇ ಪ್ಯಾದೆ ವಾಪಸ್ ಹೊಡೆಯುತ್ತದೆ, ಇ ಸಾಲು ತೆರೆಯುತ್ತದೆ. ಆನೆ ಇ8ಕ್ಕೆ ಬಂದರೆ ನೇರ ಶಹ!

ಈ ಜಾಗದಲ್ಲಿ ಮಕ್ಕಳ ಮುಖ ನೋಡಬೇಕು ನೀವು.

ಎದುರಾಳಿ ಪ್ಯಾದೆ ಓಡಿಸಲಿ ಅಂತಲೇ ಕಾಯುವ ಆಟವೂ ಇದೆ. ಇ4ಗೆ ಉತ್ತರವಾಗಿ ಕುದುರೆಯನ್ನು ಎಫ್6ಕ್ಕೆ ತರುವ ನಡೆಯನ್ನು ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖಿನ್ 1921ರಲ್ಲಿ ಬುಡಾಪೆಸ್ಟ್‌ನಲ್ಲಿ ಆಡಿ ತೋರಿಸಿದ. ಬಿಳಿ ಬೇಕಾದರೆ ಇ5, ಡಿ4, ಸಿ4, ಎಫ್4 ಅಂತ ನಾಲ್ಕು ಪ್ಯಾದೆ ಸಾಲಾಗಿ ತರಬಹುದು. ಕಪ್ಪು ಒಂದೊಂದಾಗಿ ಅವುಗಳ ಬುಡಕ್ಕೆ ಹೊಡೆಯುತ್ತಾ ಹೋಗುತ್ತದೆ. ಹಾಗಂತ ಬಿಳಿ ಸೋತೇ ಸೋಲುತ್ತದೆ ಅಂತಲ್ಲ. ಅದಕ್ಕೆ ಜಾಗ ಜಾಸ್ತಿ ಸಿಗುತ್ತದೆ, ಆ ಪ್ಯಾದೆಗಳನ್ನು ಕಾಪಾಡುವ ಕೆಲಸವೂ ಜಾಸ್ತಿ.

"ಹಂಗಾದ್ರ ಜಿ4 ಆಡೋದೇ ತಪ್ಪೇನ್ರಿ?" ಅಂತ ಮುಂದಿನ ಪ್ರಶ್ನೆ. ಸುಮ್ನೆ ತಪ್ಪು ಅಂದುಬಿಡುವ ತರಬೇತುದಾರರು ನನಗೆ ಹಿಡಿಸುವುದಿಲ್ಲ. ನಡು ಬಿಗಿಯಾಗಿ ಮುಚ್ಚಿದ್ದರೆ ಅಂಚಿನಲ್ಲಿ ಓಡುವುದೇ ಸರಿ. ಕಿಂಗ್ಸ್ ಇಂಡಿಯನ್ ಅನ್ನುವ ಆರಂಭದ ಆಟದಲ್ಲಿ ಬಿಳಿ ಡಿ5ಕ್ಕೆ ತಳ್ಳಿ ನಡು ಮುಚ್ಚಿದ ಮೇಲೆ ಕಪ್ಪು ಎಫ್5, ಎಫ್4, ಜಿ5 ಅಂತ ನುಗ್ಗುವುದು ಅದಕ್ಕೇ. ಇಬ್ಬರೂ ಬೇರೆ ಬೇರೆ ಕಡೆ ಕ್ಯಾಸಲಿಂಗ್ ಮಾಡಿದ್ದರೂ ಪ್ಯಾದೆ ಓಡಿಸಬಹುದು, ತನ್ನ ರಾಜ ಆ ಕಡೆ ಇಲ್ಲವಲ್ಲ. ಆಗ ಯಾರು ಮೊದಲು ಸಾಲು ತೆರೆಯುತ್ತಾರೋ ಲೆಕ್ಕ ಹಾಕಬೇಕು, ಒಂದೊಂದು ನಡೆಯನ್ನೂ ಎಣಿಸಬೇಕು.