ಸ್ವೀಟ್ ಕಾರ್ನ್ ತೆನಿ ಮುರಿಯೋದು ಯಾವಾಗ? ಸೀತನಿಯ ಲೆಕ್ಕ ಇಲ್ಲಿ ನಡೆಯೋದಿಲ್ಲ

ಸೀತನಿ (ಹಸಿ ಜೋಳದ ತೆನಿ ಸುಟ್ಟು ಉದುರಿಸಿದ ಕಾಳು) ತಿಂದು ಬೆಳೆದವರಿಗೆ ಹಸಿ ತೆನಿಯ ಹದ ಹೇಳಿಕೊಡಬೇಕೇ ಅಂತ ವಿಜಯಪುರ, ಬಾಗಲಕೋಟೆ ಕಡೆಯವರು ಕೇಳಬಹುದು. ಹಿತ್ತಲಲ್ಲಿ ಹಾಕಿದ ಸ್ವೀಟ್ ಕಾರ್ನ್ ಕೆಡುವುದು ಬಹಳ ಸಲ ಆ ಅಭ್ಯಾಸದಿಂದಲೇ. ಜೋಳದ ಸೀತನಿಗೆ ಕಾಳಿನೊಳಗಿನ ಹಾಲು ಗಟ್ಟಿಯಾಗಿ ಮೆತ್ತನೆ ಹಿಟ್ಟಾಗಿರಬೇಕು. ಹಾಗಿದ್ದರೇನೇ ಕೆಂಡದಲ್ಲಿ ಸುಟ್ಟು ತಿಕ್ಕಿದಾಗ ಕಾಳು ಇಡಿಯಾಗಿ ಉದುರುತ್ತದೆ. ಸ್ವೀಟ್ ಕಾರ್ನನ್ನು ಅಲ್ಲಿಯತನಕ ಬಿಟ್ಟರೆ ಸಕ್ಕರೆ ಪಿಷ್ಟವಾಗಿ, ಕಾಳಿನ ಸಿಪ್ಪೆ ದಪ್ಪಗಾಗಿ, ತಿಂದರೆ ಹಲ್ಲಿಗೆ ಅಂಟುತ್ತದೆ. ಇದನ್ನು ಹಾಲು ಹಾಲಾಗಿದ್ದಾಗಲೇ ಮುರಿಯಬೇಕು.

ಬೀಜದ ಪಾಕೀಟಿನ ಮೇಲೆ 75 ಅಥವಾ 80 ದಿನ ಅಂತ ಬರೆದಿರುವುದನ್ನು ಅಂದಾಜಿಗಷ್ಟೇ ಇಟ್ಟುಕೊಳ್ಳಿ. ನಿಜವಾದ ಎಣಿಕೆ ಶುರುವಾಗುವುದು ತೆನಿಯ ತುದಿಯಲ್ಲಿ ರೇಷ್ಮೆಯಂಥ ಕೂದಲು ಹೊರಬಿದ್ದ ದಿನದಿಂದ. ಅರ್ಧದಷ್ಟು ಗಿಡಗಳಲ್ಲಿ ಕೂದಲು ಕಂಡ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ 18ರಿಂದ 22 ದಿನ ಲೆಕ್ಕ ಹಿಡಿಯಿರಿ. ಏಪ್ರಿಲ್‌ನ ವಿಜಯಪುರದ ಬಿಸಿಲಿಗೆ 16-17 ದಿನಕ್ಕೇ ತಯಾರಾದರೂ ಆಶ್ಚರ್ಯವಿಲ್ಲ. ಬೆಳಗಾವಿಯಲ್ಲಿ ಜೂನ್ ಬಿತ್ತನೆಗೆ ಕೂದಲು ಬರುವ ಹೊತ್ತಿಗೆ ಶ್ರಾವಣದ ಜಿಟಿಜಿಟಿ ಮಳೆ, ಮೋಡ; ಅಲ್ಲಿ 24 ದಿನದವರೆಗೂ ಎಳೆಯುತ್ತದೆ. ಹದ ನಿಲ್ಲುವ ಕಾಲವೂ ಹಾಗೇ. ತಂಪಿನಲ್ಲಿ ನಾಲ್ಕೈದು ದಿನ ಸಿಗುತ್ತದೆ, ಬೇಸಿಗೆಯಲ್ಲಿ ಒಂದೆರಡು ದಿನ ಅಷ್ಟೇ. ಆದ್ದರಿಂದ 15ನೇ ದಿನದಿಂದಲೇ ದಿನಾ ಒಂದು ಸುತ್ತು ಹಾಕಿ ನೋಡಬೇಕು.

ಮೊದಲು ನೋಡಬೇಕಾದ್ದು ಕೂದಲನ್ನು. ತುದಿಯಷ್ಟೇ ಕಂದಾದರೆ ಸಾಲದು, ಹೊರಗೆ ಕಾಣುವ ಅಷ್ಟೂ ಕೂದಲು ಗಾಢ ಕಂದಾಗಿ ಒಣಗಿರಬೇಕು. ಬುಡದಲ್ಲಿ, ಸಿಪ್ಪೆಯೊಳಗೆ ಹೋಗುವ ಕಡೆ ಮಾತ್ರ ಇನ್ನೂ ತುಸು ಹಸಿ ಇರುತ್ತದೆ. ತೆನಿಯ ಸಿಪ್ಪೆ ಹಸಿರಾಗಿ ಬಿಗಿಯಾಗಿಯೇ ಇರಬೇಕು, ಹಳದಿಗೆ ತಿರುಗಿತೆಂದರೆ ತಡವಾಯಿತು. ಆಮೇಲೆ ತೆನಿಯ ತುದಿಯನ್ನು ಸಿಪ್ಪೆಯ ಮೇಲಿಂದಲೇ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ನೋಡಿ. ಚೂಪಾಗಿ ಸಿಕ್ಕರೆ ಕಾಳು ತುದಿಯತನಕ ತುಂಬಿಲ್ಲ, ದುಂಡಗೆ ಸಿಕ್ಕರೆ ತುಂಬಿದೆ. ಈ ಮುಟ್ಟಿ ನೋಡುವುದನ್ನು ಕಲಿತವರು ಸಿಪ್ಪೆ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಬಿಚ್ಚಿ ನೋಡಿ ಮತ್ತೆ ಮುಚ್ಚಿದ ತೆನಿ ಬಲಿಯುವುದೇನೋ ಬಲಿಯುತ್ತದೆ, ಆದರೆ ಅದಕ್ಕೆ ಇರುವೆ, ಹುಳ, ಗಿಳಿ ಎಲ್ಲ ಮುತ್ತುತ್ತವೆ, ತುದಿಯ ಕಾಳೂ ಬತ್ತುತ್ತವೆ.

ಆದರೂ ಮೊದಲ ಸಲ ಬೆಳೆದವರು ಒಂದೆರಡು ತೆನಿಯಲ್ಲಿ ಉಗುರಿನ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ತುದಿಯಿಂದ ಎರಡು ಇಂಚು ಕೆಳಗೆ ಸಿಪ್ಪೆಯನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ನಡುವಿನ ಒಂದು ಕಾಳಿಗೆ ಉಗುರು ಚುಚ್ಚಿ. ತಿಳಿನೀರು ಚಿಮ್ಮಿದರೆ ಇನ್ನೂ ಮೂರ್ನಾಲ್ಕು ದಿನ ಬೇಕು. ಹಾಲಿನಂಥ ಬಿಳಿ ರಸ ಚಿಮ್ಮಿದರೆ ಅವತ್ತೇ ಮುರಿಯಿರಿ. ಏನೂ ಚಿಮ್ಮದೆ ಉಗುರಿಗೆ ಹಿಟ್ಟು ಮೆತ್ತಿಕೊಂಡರೆ ಅದು ಸೀತನಿಯ ಹದ. ಸುಟ್ಟು ಉಪ್ಪು, ಖಾರ, ಲಿಂಬೆಹುಳಿ ಸವರಿ ತಿನ್ನಲು ಅಡ್ಡಿಯಿಲ್ಲ, ಸಿಹಿ ಮಾತ್ರ ಕೇಳಬೇಡಿ.

ಈ ಪರೀಕ್ಷೆಗೂ ಒಂದು ಅಪವಾದ ಉಂಟು. ಈಗ ಅಂಗಡಿಯಲ್ಲಿ ಸಿಗುವ ಹೈಬ್ರಿಡ್ ಬೀಜಗಳಲ್ಲಿ ಸೂಪರ್ ಸ್ವೀಟ್ ಜಾತಿಯವು ಬಹಳ, ಶುಗರ್-75 ಅಂಥದ್ದೇ. ಇವುಗಳ ಕಾಳಿನಲ್ಲಿ ಸಕ್ಕರೆ ಜಾಸ್ತಿ, ಪಿಷ್ಟ ಕಡಿಮೆ. ಹಾಗಾಗಿ ಸರಿಯಾದ ಹದಕ್ಕೆ ಬಂದಾಗಲೂ ರಸ ಅಷ್ಟು ಬಿಳುಪಾಗಿರುವುದಿಲ್ಲ, ಅರೆ ತಿಳಿಯಾಗಿಯೇ ಇರುತ್ತದೆ. ಹಾಲಿಗಾಗಿ ಕಾದು ಕೂತರೆ ಕಾಳಿನ ಸಿಪ್ಪೆ ಬಲಿತುಬಿಡುತ್ತದೆ. ಸೂಪರ್ ಸ್ವೀಟ್‌ಗೆ ದಿನದ ಲೆಕ್ಕ, ಒಣಗಿದ ಕೂದಲು, ದುಂಡಗಿನ ತುದಿ, ಕಾಳಿಗೆ ಬಂದ ಹಳದಿ ಬಣ್ಣ ಇಷ್ಟನ್ನೇ ನಂಬಿ.

ಕೂದಲೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಕೂದಲು ಬರುವ ವಾರದಲ್ಲಿ ನೀರು ತಪ್ಪಿದರೆ ಅದು ಬೇಗ ಕಮರಿ ಕಂದಾಗುತ್ತದೆ, ಒಳಗೆ ನೋಡಿದರೆ ಅರ್ಧ ದಿಂಡು ಬೋಳು. ಒಂದೊಂದು ಕೂದಲಿಗೂ ಒಂದೊಂದು ಕಾಳು. ಸೂಲಂಗಿಯ (ಗಿಡದ ತುದಿಯ ಗಂಡು ಹೂವಿನ) ಪರಾಗ ಬೀಳದ ಕೂದಲಿನ ಜಾಗ ಖಾಲಿ. 38 ಡಿಗ್ರಿ ದಾಟಿದ ಒಣ ಬಿಸಿಲಿಗೆ ಪರಾಗವೂ ಸಾಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೂದಲಿನ ಹೊತ್ತಿಗೆ ಎರಿ ಮಣ್ಣು ಬಿರುಕು ಬಿಡದಂತೆ ನೀರು ಕೊಡಿ. ಪರಾಗ ಗಾಳಿಯಲ್ಲಿ ಬರುವುದರಿಂದ ಒಂದೇ ಉದ್ದ ಸಾಲು ಹಾಕುವುದಕ್ಕಿಂತ ನಾಲ್ಕು ಗಿಡ್ಡ ಸಾಲು ಒತ್ತಟ್ಟಿಗೆ ಹಾಕುವುದು ಲೇಸು. ಸಾಲಿನ ನಡುವೆ ಎರಡು ಅಡಿ, ಗಿಡದ ನಡುವೆ ಒಂಬತ್ತು ಇಂಚು ಸಾಕು.

ಸರಿಯಾದ ದಿನಕ್ಕೇ ಮುರಿದರೂ ಸಿಹಿ ಇಲ್ಲ ಅನ್ನುವವರು ಅಕ್ಕಪಕ್ಕದ ಹೊಲ ನೋಡಬೇಕು. ಬೆಳಗಾವಿ, ಬಾಗಲಕೋಟೆ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಗೋವಿನಜೋಳ ಇಲ್ಲದ ಊರು ಅಪರೂಪ. ಅದರ ಪರಾಗ ನಿಮ್ಮ ತೆನಿಯ ಕೂದಲಿಗೆ ಬಿತ್ತೆಂದರೆ ಆ ಕಾಳು ಅದೇ ಬೆಳೆಯಲ್ಲೇ ಪಿಷ್ಟದ ಕಾಳಾಗುತ್ತದೆ. ಇದಕ್ಕೆ ಬೀಜದ ಅಂಗಡಿಯವರನ್ನು ಬೈದು ಫಲವಿಲ್ಲ. ನೂರು ಮೀಟರ್‌ನಷ್ಟು ದೂರ ಇಡಿ, ಜಾಗ ಇಲ್ಲದಿದ್ದರೆ ಪಕ್ಕದವರಿಗಿಂತ ಎರಡು ಮೂರು ವಾರ ಹಿಂದೆಮುಂದೆ ಬಿತ್ತಿ. ಸಾಮಾನ್ಯ ಸ್ವೀಟ್ ಕಾರ್ನ್ ಮತ್ತು ಸೂಪರ್ ಸ್ವೀಟ್ ಎರಡನ್ನೂ ಒಂದೇ ಮಡಿಯಲ್ಲಿ ಹಾಕಿದರೂ ಇದೇ ಗತಿ.

ಮುರಿಯುವುದು ನಸುಕಿನಲ್ಲಿ, ತೆನಿ ರಾತ್ರಿಯ ತಂಪಿನಲ್ಲಿರುವಾಗ. ಒಂದು ಕೈಯಲ್ಲಿ ದಂಟು ಹಿಡಿದು ಇನ್ನೊಂದು ಕೈಯಿಂದ ತೆನಿಯನ್ನು ಕೆಳಗೆ ಬಗ್ಗಿಸಿ ತಿರುವಿದರೆ ಲಟಕ್ಕನೆ ಬರುತ್ತದೆ. ಮೇಲಕ್ಕೆ ಜಗ್ಗಿದರೆ ದಂಟೇ ಸೀಳುತ್ತದೆ. ಸಿಪ್ಪೆ ಸುಲಿಯದೆ ಒದ್ದೆ ಬಟ್ಟೆ ಸುತ್ತಿ ಫ್ರಿಜ್‌ನಲ್ಲಿಡಿ. 30 ಡಿಗ್ರಿಯಲ್ಲಿ ಹೊರಗೇ ಬಿಟ್ಟರೆ ಸಾಮಾನ್ಯ ಜಾತಿಯ ಸಕ್ಕರೆಯಲ್ಲಿ ಅರ್ಧದಷ್ಟು ಒಂದೇ ದಿನಕ್ಕೆ ಹೋಗುತ್ತದೆ. ಸೂಪರ್ ಸ್ವೀಟ್ ಫ್ರಿಜ್‌ನಲ್ಲಿ ನಾಲ್ಕೈದು ದಿನ ತಡೆಯುತ್ತದೆ. ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಸಾಕು, ಕುಕ್ಕರಿನಲ್ಲಿ ಸೀಟಿ ಮೇಲೆ ಸೀಟಿ ಹಾಕಿಸುವುದು ಬಲಿತ ಗೋವಿನಜೋಳಕ್ಕೆ.

ಗಿಡದ ಮೇಲಿನ ತೆನಿ ಮೊದಲು ಹದಕ್ಕೆ ಬರುತ್ತದೆ. ಕೆಳಗಿನದು ಮೂರ್ನಾಲ್ಕು ದಿನ ತಡ, ಗಾತ್ರವೂ ಸಣ್ಣದು. ಅದು ತುಂಬುವ ನಂಬಿಕೆ ಇಲ್ಲದಿದ್ದರೆ ಕೂದಲು ಕಂಡ ಎರಡು ದಿನದೊಳಗೆ ಮುರಿದು ಬೇಬಿ ಕಾರ್ನ್ ಆಗಿ ಪಲ್ಯಕ್ಕೆ ಹಾಕಬಹುದು. ತೆನಿಯೆಲ್ಲ ಮುಗಿದ ಮೇಲೂ ದಂಟು ಹಸಿಯಾಗಿರುತ್ತದೆ, ಕೊಯ್ದು ಆಕಳು, ಎಮ್ಮೆಗೆ ಹಾಕಿ. ಲದ್ದಿಹುಳಕ್ಕೆ ಔಷಧಿ ಹೊಡೆದಿದ್ದರೆ ಮಾತ್ರ ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ತೆನಿಯನ್ನೂ ಮುರಿಯಬೇಡಿ, ಮೇವನ್ನೂ ಹಾಕಬೇಡಿ.